ಅರೇಯಿಂದ ಒಂದು ಹೆಸರು ಆರಿಸುವಾಗ ಮೊದಲನೆಯದೂ ಕೊನೆಯದೂ ಯಾಕೆ ಕಡಿಮೆ ಬರ್ತಿವೆ?

ಶನಿವಾರದ ಟೀಚರ್
ಶನಿವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಪೀಣ್ಯದ ಕಡೆ ಒಂದು ಸರ್ಕಾರಿ ಶಾಲೆಗೆ ಪ್ರತಿ ಶನಿವಾರ ಹೋಗಿ ಆರನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಓದು ಹೇಳಿಕೊಡ್ತೀನಿ. ಕೋಡಿಂಗ್ ನನ್ನ ವೃತ್ತಿ ಅಲ್ಲ, ವಿಡಿಯೋ ನೋಡಿ ನೋಡಿ ಕಲಿತದ್ದು. ಕ್ಲಾಸಲ್ಲಿ 30 ಮಕ್ಕಳು. ಗಟ್ಟಿಯಾಗಿ ಓದೋಕೆ ನಾನೇ ಹೆಸರು ಕರೆದರೆ ಕೈ ಎತ್ತುವ ನಾಲ್ಕೈದು ಮಕ್ಕಳನ್ನೇ ಕರೀತೀನಿ ಅನ್ನೋದು ನನಗೇ ಗೊತ್ತಾಯ್ತು. ಅದಕ್ಕೆ ಮೊಬೈಲಿನಲ್ಲಿ ಓಡುವ ಒಂದು ಪುಟ್ಟ ಪೇಜ್ ಮಾಡಿದೆ. ಬಟನ್ ಒತ್ತಿದರೆ ಹಾಜರಿ ಪಟ್ಟಿಯಿಂದ ಒಂದು ಹೆಸರು ಬರುತ್ತೆ. ವಾರಕ್ಕೆ 12 ಸಲ ಒತ್ತುತ್ತೀನಿ.

ಇವತ್ತು ಪಟ್ಟಿಯ ಕೊನೆಯಲ್ಲಿರುವ ಹುಡುಗಿ ಎದ್ದು ನಿಂತು, "ಮಿಸ್, ನಿಮ್ಮ ಮೊಬೈಲಿಗೆ ನಾನಂದ್ರೆ ಇಷ್ಟ ಇಲ್ಲ" ಅಂದಳು. ನಾನು ನಗಲಿಲ್ಲ, ಯಾಕಂದ್ರೆ ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹದಿನೈದು ವಾರದ ಲೆಕ್ಕ ಗೀಟು ಹಾಕಿ ಇಟ್ಟಿದ್ದಳು. ಒಟ್ಟು 180 ಸಲದಲ್ಲಿ ಅವಳ ಹೆಸರು 2 ಸಲ, ಪಟ್ಟಿಯ ಮೊದಲ ಹುಡುಗನದು 3 ಸಲ. ಮಿಕ್ಕ ಹೆಚ್ಚಿನವರದು ಐದರಿಂದ ಎಂಟು. ನನ್ನ ಜಾವಾಸ್ಕ್ರಿಪ್ಟ್ ಕೋಡ್ ಇಷ್ಟೇ (ಇಲ್ಲಿ ಓದೋಕೆ ಸುಲಭ ಆಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ):

ಇಂಡೆಕ್ಸ್ = ಮ್ಯಾಥ್.ರೌಂಡ್(ಮ್ಯಾಥ್.ರ‍್ಯಾಂಡಮ್() * 29)
ಹೆಸರು = ಮಕ್ಕಳು[ಇಂಡೆಕ್ಸ್]

ಅರೇಯಲ್ಲಿ (ಅಂದರೆ ಕೋಡಿನ ಪಟ್ಟಿಯಲ್ಲಿ) ಇಂಡೆಕ್ಸ್, ಅಂದರೆ ಜಾಗದ ಸಂಖ್ಯೆ, ಸೊನ್ನೆಯಿಂದ ಶುರು, ಹಾಗಾಗಿ ಕೊನೆಯದು 29. ಇದರಲ್ಲಿ ತಪ್ಪು ಎಲ್ಲಿದೆ? ಇಲ್ಲಾ, ಇದು ಬರೀ ಅದೃಷ್ಟವಾ?

ಮಾಗಡಿ ರೋಡ್
ಶನಿವಾರ, ರಾತ್ರಿ 10.05

ಅದೃಷ್ಟ ಅಲ್ಲ. ರೌಂಡ್‌ನಲ್ಲೇ ತಪ್ಪಿದೆ. ರ‍್ಯಾಂಡಮ್ 0 ಮತ್ತು 1ರ ನಡುವಿನ ಒಂದು ದಶಮಾಂಶ ಸಂಖ್ಯೆ ಕೊಡುತ್ತೆ, ಅದನ್ನು 29ರಿಂದ ಗುಣಿಸಿದ ಮೇಲೆ ರೌಂಡ್ ಹತ್ತಿರದ ಪೂರ್ಣಾಂಕಕ್ಕೆ ತರುತ್ತೆ. ಬಸ್ ಸ್ಟಾಪ್ ಲೆಕ್ಕದಲ್ಲಿ ಹೇಳ್ತೀನಿ, ಮಕ್ಕಳಿಗೂ ಹೇಳಬಹುದು.

29 ಕಿಲೋಮೀಟರಿನ ನೇರ ರಸ್ತೆ, ಕಿಲೋಮೀಟರಿಗೊಂದು ಸ್ಟಾಪ್, ಈ ತುದಿ ಆ ತುದಿ ಸೇರಿಸಿ 30 ಸ್ಟಾಪ್ ಅಂದುಕೊಳ್ಳಿ. ರಸ್ತೆಯ ಉದ್ದಕ್ಕೂ ಒಂದೇ ದಟ್ಟಣೆಯಲ್ಲಿ ಜನ ನಿಂತಿದ್ದಾರೆ. ಪ್ರತಿಯೊಬ್ಬರೂ ಹತ್ತಿರದ ಸ್ಟಾಪಿಗೆ ನಡೀತಾರೆ. ಮಧ್ಯದ ಯಾವುದೇ ಸ್ಟಾಪಿಗೆ ಎಡಗಡೆಯಿಂದ ಅರ್ಧ ಕಿಲೋಮೀಟರಿನ ಜನ, ಬಲಗಡೆಯಿಂದ ಅರ್ಧ ಕಿಲೋಮೀಟರಿನ ಜನ. ಆದರೆ ಮೊದಲ ಸ್ಟಾಪಿನ ಹಿಂದೆ ರಸ್ತೆ ಇಲ್ಲ, ಕೊನೆಯದರ ಮುಂದೆ ರಸ್ತೆ ಇಲ್ಲ. ಆ ಎರಡಕ್ಕೆ ಅರ್ಧ ಜನ ಮಾತ್ರ. ರೌಂಡ್ ಮಾಡೋದು ಇದನ್ನೇ. ನಿಮ್ಮ ಪಟ್ಟಿಯ ಎರಡು ತುದಿಯ ಮಕ್ಕಳಿಗೆ ತಲಾ 58ರಲ್ಲಿ ಒಂದು ಅವಕಾಶ, ಮಿಕ್ಕ 28 ಮಕ್ಕಳಿಗೆ ತಲಾ 29ರಲ್ಲಿ ಒಂದು. ಸರಿಯಾಗಿ ಅರ್ಧ.

180 ಸಲಕ್ಕೆ ಲೆಕ್ಕ ಹಾಕಿ: ತುದಿಯವರಿಗೆ ಸರಾಸರಿ 3.1 ಸಲ, ಮಿಕ್ಕವರಿಗೆ 6.2 ಸಲ. ನಿಮ್ಮ ಹುಡುಗಿಯ ಗೀಟುಗಳು ಹೇಳ್ತಿರೋದೂ ಇದನ್ನೇ.

ಸರಿಪಡಿಸೋದು ಹೀಗೆ (ಫ್ಲೋರ್ ಅಂದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸೋದು, ಲೆಂಗ್ತ್ ಅಂದರೆ ಪಟ್ಟಿಯ ಉದ್ದ):

ಇಂಡೆಕ್ಸ್ = ಮ್ಯಾಥ್.ಫ್ಲೋರ್(ಮ್ಯಾಥ್.ರ‍್ಯಾಂಡಮ್() * ಮಕ್ಕಳು.ಲೆಂಗ್ತ್)

ಈಗ ರಸ್ತೆ 30 ಕಿಲೋಮೀಟರ್, ಎಲ್ಲರೂ ಹತ್ತಿರದ ಸ್ಟಾಪಿಗಲ್ಲ, ದಾಟಿ ಬಂದ ಹಿಂದಿನ ಸ್ಟಾಪಿಗೆ ವಾಪಸ್ ಹೋಗ್ತಾರೆ. ಪ್ರತಿ ಸ್ಟಾಪಿಗೂ ಪೂರ್ತಿ ಒಂದು ಕಿಲೋಮೀಟರ್. ಜಾವಾಸ್ಕ್ರಿಪ್ಟಿನ ರ‍್ಯಾಂಡಮ್ ಸೊನ್ನೆಯನ್ನು ಕೊಡಬಹುದು, ಆದರೆ 1ನ್ನು ಎಂದೂ ಕೊಡಲ್ಲ, 1ಕ್ಕಿಂತ ಕಡಿಮೆಯೇ. ಆದ್ದರಿಂದ ಫ್ಲೋರ್ ಆದಮೇಲೆ ಗರಿಷ್ಠ 29, ಎಂದೂ 30 ಆಗಲ್ಲ.

29 ಅನ್ನೋ ಅಂಕೆಯನ್ನು ಕೋಡಿನಲ್ಲಿ ಕೈಯಾರೆ ಬರೀಬೇಡಿ. ನಾಳೆ 31ನೇ ಮಗು ಸೇರಿದರೆ ಆ ಮಗುವಿನ ಹೆಸರು ಎಂದೂ ಬರೋದಿಲ್ಲ, ಎರರ್ ಕೂಡ ತೋರಿಸಲ್ಲ.

ಪೈಥಾನ್ ಬಳಗ
ಶನಿವಾರ, ರಾತ್ರಿ 10.20

ಕೆಲವರು ರೌಂಡ್ ಇಟ್ಟುಕೊಂಡೇ ಲೆಂಗ್ತ್‌ನಿಂದ ಗುಣಿಸ್ತಾರೆ. ಅದು ಇನ್ನೂ ಕೆಟ್ಟದ್ದು: ಆಗಾಗ ಇಂಡೆಕ್ಸ್ 30 ಬಂದು, ಅಲ್ಲಿ ಯಾರೂ ಇಲ್ಲದೆ 'ಅನ್‌ಡಿಫೈನ್ಡ್' ಅಂತ ಬರುತ್ತೆ. ಪೈಥಾನ್‌ನಲ್ಲಿ ಈ ಗೋಳೇ ಇಲ್ಲ, ರ‍್ಯಾಂಡಮ್.ಚಾಯ್ಸ್(ಮಕ್ಕಳು) ಅಂದರೆ ಮುಗೀತು. ಪಟ್ಟಿ ಖಾಲಿ ಇದ್ದರೆ ಅದು ನೇರವಾಗಿ ಎರರ್ ಕೊಡುತ್ತೆ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಅರೇಗೂ ಇಂಡೆಕ್ಸ್ 0 ಅಂತ ಬಂದು ಸದ್ದಿಲ್ಲದೆ ಅನ್‌ಡಿಫೈನ್ಡ್ ಸಿಗುತ್ತೆ, ನಾವೇ ಮೊದಲು ಉದ್ದ ನೋಡಬೇಕು.

ನಿವೃತ್ತ ಅಧ್ಯಾಪಕ, ಹನುಮಂತನಗರ
ಭಾನುವಾರ, ಬೆಳಗ್ಗೆ 6.15

ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಆ ಹುಡುಗಿಯ ನೋಟ್‌ಬುಕ್ಕಿನ ಬಗ್ಗೆ ಎರಡು ಮಾತು ಹೇಳಲೇಬೇಕು.

ಟೀಚರ್ ಕೇಳಿದ "ಬರೀ ಅದೃಷ್ಟವಾ" ಎಂಬ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದನ್ನು ಲೆಕ್ಕ ಹಾಕಿ ನೋಡದೆ ಬಿಡಬಾರದು. ಎಲ್ಲರಿಗೂ ಸಮಾನ ಅವಕಾಶವಿದ್ದರೂ, ಒಂದು ನಿರ್ದಿಷ್ಟ ಮಗುವಿಗೆ 180 ಸಲದಲ್ಲಿ ಎರಡೋ ಅದಕ್ಕಿಂತ ಕಡಿಮೆಯೋ ಬರುವ ಸಂಭವ ನೂರಕ್ಕೆ ಸುಮಾರು 6. ಕಡಿಮೆ ಅನಿಸುತ್ತದೆ. ಆದರೆ ತರಗತಿಯಲ್ಲಿ 30 ಮಕ್ಕಳಿದ್ದಾರೆ. ಯಾರೋ ಒಬ್ಬರಿಗೆ ಹೀಗಾಗುವುದು ಆಶ್ಚರ್ಯವೇ ಅಲ್ಲ, ಆಗದಿದ್ದರೇ ಆಶ್ಚರ್ಯ. ಅವಳೊಬ್ಬಳ ದೂರಿನ ಮೇಲೆ ಕೋಡನ್ನು ತಪ್ಪಿತಸ್ಥ ಅನ್ನಲಾಗುತ್ತಿರಲಿಲ್ಲ.

ಆದರೆ ಅವಳು ಮೊದಲ ಹುಡುಗನ ಲೆಕ್ಕವನ್ನೂ ಇಟ್ಟಳು. ಎರಡು ತುದಿಗೂ ಸೇರಿ ಬರಬೇಕಾದದ್ದು ಸರಾಸರಿ 12, ಬಂದದ್ದು 5. ಸಮಾನ ಅವಕಾಶವಿದ್ದಾಗ ಹೀಗಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಜೊತೆಗೆ ತುದಿಗಳು ಅನ್ನುವುದು ನಾವು ಅಂಕಿ ನೋಡಿದ ಮೇಲೆ ಹೆಕ್ಕಿಕೊಂಡ ಎರಡು ಹೆಸರಲ್ಲ, ಪಟ್ಟಿಯ ರಚನೆಯಲ್ಲೇ ಬೇರೆಯಾಗಿ ನಿಂತ ಎರಡು ಜಾಗ. ಅನುಮಾನ ಪಡಲು ಇಷ್ಟು ಸಾಕು. ಕೋಡ್ ನೋಡಿದ ಮೇಲೆ ಅನುಮಾನವೂ ಉಳಿಯಲಿಲ್ಲ. ಆರನೇ ತರಗತಿಯ ಮಗು ಹೇಳಿದ್ದನ್ನು ನೀವು ತಳ್ಳಿಹಾಕದೆ ಇಲ್ಲಿಗೆ ತಂದಿರಿ, ನನಗೆ ನಿಜವಾಗಿ ಸಂತೋಷವಾಯಿತು.

ಕೋಡ್ ಬದಲಿಸಿದ ಮೇಲೆ ಒಂದು ಕೆಲಸ ಮಾಡಿ. ಲೂಪ್ ಹಾಕಿ 3,00,000 ಸಲ ಆರಿಸಿ, ಎಣಿಸಿ. ಹಳೆಯ ಕೋಡಿನಲ್ಲಿ ತುದಿಗಳಿಗೆ 5,170ರ ಆಸುಪಾಸು, ಮಿಕ್ಕವರಿಗೆ 10,340ರ ಆಸುಪಾಸು ಬರಬೇಕು. ಹೊಸದರಲ್ಲಿ ಎಲ್ಲರಿಗೂ 10,000ದ ಹತ್ತಿರ, ನೂರಿನ್ನೂರು ಆಚೀಚೆ ಆಗಬಹುದು, ಅದು ಸಹಜ. ಸಾವಿರ ಆಚೀಚೆ ಆದರೆ ಇನ್ನೆಲ್ಲೋ ತಪ್ಪಿದೆ.

ವಿಜಯನಗರ
ಭಾನುವಾರ, ಬೆಳಗ್ಗೆ 8.50

ಇಷ್ಟೆಲ್ಲ ಯಾಕೆ? ಪಟ್ಟಿಯನ್ನೇ ಕಲಸಿ ಮೊದಲನೆಯದು ತಗೊಳ್ಳಿ. ಒಂದೇ ಸಾಲು: ಮಕ್ಕಳು.ಸಾರ್ಟ್(() => ಮ್ಯಾಥ್.ರ‍್ಯಾಂಡಮ್() - 0.5)[0]. ನಾನು ಆಫೀಸಿನಲ್ಲಿ ಇದನ್ನೇ ಬಳಸೋದು.

ಮಾಗಡಿ ರೋಡ್
ಭಾನುವಾರ, ಬೆಳಗ್ಗೆ 9.10

ದಯವಿಟ್ಟು ಬೇಡ. ಸಾರ್ಟ್ (ಎರಡೆರಡನ್ನು ಹೋಲಿಸಿ ಕ್ರಮವಾಗಿ ಜೋಡಿಸೋದು) ಕೆಲಸ ಮಾಡೋದು ಒಂದು ನಂಬಿಕೆಯ ಮೇಲೆ: 'ಅ' ದೊಡ್ಡದೋ 'ಆ' ದೊಡ್ಡದೋ ಅಂತ ಎಷ್ಟು ಸಲ ಕೇಳಿದರೂ ಒಂದೇ ಉತ್ತರ ಬರುತ್ತೆ ಅಂತ. ಇಲ್ಲಿ ಪ್ರತಿ ಸಲ ನಾಣ್ಯ ಚಿಮ್ಮಿ ಉತ್ತರ ಕೊಡ್ತಿದ್ದೀರಿ. ಕಲಸಿದ ಹಾಗೆ ಕಾಣುತ್ತೆ, ಆದರೆ ಯಾವ ಜಾಗದ ಐಟಂ ಎಲ್ಲಿಗೆ ಹೋಗುತ್ತೆ ಅನ್ನೋದು ಆ ಬ್ರೌಸರಿನ ಸಾರ್ಟ್ ಅಲ್ಗಾರಿದಮ್ ಮೇಲೆ ನಿಲ್ಲುತ್ತೆ. 2010ರಲ್ಲಿ ಯುರೋಪಿನಲ್ಲಿ ಮೈಕ್ರೋಸಾಫ್ಟ್, ಬಳಕೆದಾರರು ತಮಗೆ ಬೇಕಾದ ಬ್ರೌಸರ್ ಆರಿಸಿಕೊಳ್ಳುವ ಒಂದು ಪರದೆ ಕೊಡಬೇಕಾಯ್ತು. ಐದು ಮುಖ್ಯ ಬ್ರೌಸರುಗಳ ಕ್ರಮ ಪ್ರತಿ ಸಲ ರ‍್ಯಾಂಡಮ್ ಇರಬೇಕಿತ್ತು. ಅಲ್ಲಿ ಇದೇ ಸಾರ್ಟ್ ಉಪಾಯ ಬಳಸಿ ಕ್ರಮ ಏರುಪೇರಾಗಿತ್ತು, ಹೊರಗಿನವರು ಎಣಿಸಿ ತೋರಿಸಿದ ಮೇಲೆ ತಿದ್ದಿದರು.

ಕಲಸಲೇಬೇಕಿದ್ದರೆ ಫಿಶರ್-ಯೇಟ್ಸ್. 1938ರಲ್ಲಿ ಪೆನ್ನು ಕಾಗದಕ್ಕೆಂದು ಕೊಟ್ಟ ವಿಧಾನ, 1964ರಲ್ಲಿ ಡರ್ಸ್ಟನ್‌ಫೆಲ್ಡ್ ಅದನ್ನು ಕಂಪ್ಯೂಟರಿಗೆ ತಕ್ಕಂತೆ ಬರೆದರು. ಕೊನೆಯ ಜಾಗದಿಂದ ಶುರು ಮಾಡಿ. ಅದೂ ಸೇರಿದಂತೆ ಅದರ ಹಿಂದಿನ ಎಲ್ಲದರಲ್ಲಿ ಒಂದನ್ನು ಆರಿಸಿ ಅದಲುಬದಲು ಮಾಡಿ. ಆಮೇಲೆ ಒಂದು ಜಾಗ ಹಿಂದೆ ಬನ್ನಿ. ಡಬ್ಬದಿಂದ ಚೀಟಿ ಎತ್ತಿ ಎತ್ತಿ ಸಾಲಾಗಿ ಜೋಡಿಸಿದ ಹಾಗೆ.

ವಿಜಯನಗರ
ಭಾನುವಾರ, ಬೆಳಗ್ಗೆ 9.45

"ಅದೂ ಸೇರಿದಂತೆ ಅದರ ಹಿಂದಿನ" ಅಂತ ಯಾಕೆ ಒತ್ತಿ ಹೇಳ್ತೀರಿ? ಪ್ರತಿ ಜಾಗಕ್ಕೂ ಇಡೀ ಪಟ್ಟಿಯಿಂದ ಯಾವುದಾದರೂ ಒಂದರ ಜೊತೆ ಬದಲಿಸಿದರೆ ಇನ್ನೂ ಚೆನ್ನಾಗಿ ಕಲೆಯಲ್ವಾ?

ನಿವೃತ್ತ ಅಧ್ಯಾಪಕ, ಹನುಮಂತನಗರ
ಭಾನುವಾರ, ಬೆಳಗ್ಗೆ 10.30

ಕಲೆಯುತ್ತದೆ, ಆದರೆ ಸಮನಾಗಿ ಅಲ್ಲ. ಮೂರೇ ಹೆಸರು ತೆಗೆದುಕೊಳ್ಳಿ. ನಿಮ್ಮ ರೀತಿಯಲ್ಲಿ ಮೂರು ಹೆಜ್ಜೆ, ಪ್ರತಿ ಹೆಜ್ಜೆಗೂ ಮೂರು ಆಯ್ಕೆ, ಒಟ್ಟು 27 ದಾರಿ. ಮೂರು ಹೆಸರನ್ನು ಜೋಡಿಸುವ ಕ್ರಮಗಳು 6. ಇಪ್ಪತ್ತೇಳು ಹೋಳಿಗೆಯನ್ನು ಮುರಿಯದೆ ಆರು ಜನಕ್ಕೆ ಸಮನಾಗಿ ಬಡಿಸುವುದು ಹೇಗೆ? ಮೂರು ಕ್ರಮಗಳಿಗೆ ಐದೈದು, ಇನ್ನು ಮೂರಕ್ಕೆ ನಾಲ್ಕು ನಾಲ್ಕು ಬೀಳುತ್ತವೆ. ಫಿಶರ್-ಯೇಟ್ಸ್‌ನಲ್ಲಿ ದಾರಿಗಳು 3 ಗುಣಿಸು 2, ಅಂದರೆ ಸರಿಯಾಗಿ 6.

ವಿಜಯನಗರ
ಭಾನುವಾರ, ಬೆಳಗ್ಗೆ 10.41

ಒಪ್ಪಿದೆ ಸರ್. ಸೋಮವಾರ ಆಫೀಸಿನ ಕೋಡ್ ಬದಲಿಸ್ತೀನಿ.

ಸಿ ಭಾಷೆಯವನು
ಭಾನುವಾರ, ಮಧ್ಯಾಹ್ನ 12.20

ನಾನು ಚಿಕ್ಕ ಬೋರ್ಡುಗಳಿಗೆ ಕೋಡ್ ಬರೆಯೋನು. ನಮ್ಮಲ್ಲಿ ಎಲ್ಲರೂ ರ‍್ಯಾಂಡ್() % 30 ಅಂತ ಬರೀತಾರೆ, ಭಾಗಿಸಿ ಶೇಷ ತಗೊಳ್ಳೋದು. ಅದರಲ್ಲೂ ಇಂಥದ್ದೇ ಒಂದು ವಾಲುವಿಕೆ ಇದೆ. ಸಿ ಭಾಷೆಯ ನಿಯಮದ ಪ್ರಕಾರ ರ‍್ಯಾಂಡ್ ಕೊಡುವ ಗರಿಷ್ಠ ಸಂಖ್ಯೆ ಕನಿಷ್ಠ 32,767 ಆದರೂ ಇರಬೇಕು. ಅಷ್ಟೇ ಇದ್ದರೆ ಸೊನ್ನೆ ಸೇರಿ 32,768 ಸಂಖ್ಯೆಗಳು. 30ರಿಂದ ಭಾಗಿಸಿದರೆ 8 ಉಳಿಯುತ್ತೆ. ಮೊದಲ ಎಂಟು ಮಕ್ಕಳಿಗೆ 1,093 ಪಾಲು, ಮಿಕ್ಕವರಿಗೆ 1,092. ಕ್ಲಾಸಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ 20,000 ಐಟಂ ಇರುವ ಪಟ್ಟಿಗೆ ಇದೇ ಸಾಲು ಬರೆದು ನೋಡಿ: ಮೊದಲ 12,768 ಐಟಂಗಳಿಗೆ ಎರಡು ಪಾಲು, ಮಿಕ್ಕವಕ್ಕೆ ಒಂದೇ. ದುಪ್ಪಟ್ಟು ವ್ಯತ್ಯಾಸ.

ಇನ್ನೊಂದು, ಬೀಜ ಹಾಕೋದು, ಅಂದರೆ ಸೀಡ್: ರ‍್ಯಾಂಡಮ್ ತನ್ನ ಲೆಕ್ಕ ಶುರು ಮಾಡೋ ಸಂಖ್ಯೆ. ಆರ್ಡುಯಿನೋ ಬೋರ್ಡನ್ನು ಆಫ್ ಮಾಡಿ ಆನ್ ಮಾಡಿದರೆ ರ‍್ಯಾಂಡಮ್ ಪ್ರತಿ ಸಲ ಅದೇ ಸಾಲನ್ನು ಮೊದಲಿಂದ ಒಪ್ಪಿಸುತ್ತೆ, ಮಗ್ಗಿ ಹೇಳಿದ ಹಾಗೆ. ಯಾವ ತಂತಿಯನ್ನೂ ಸಿಕ್ಕಿಸದ ಒಂದು ಅನಲಾಗ್ ಪಿನ್ ಓದಿ, ಬಂದ ಅಂಕೆಯನ್ನು ರ‍್ಯಾಂಡಮ್‌ಸೀಡ್‌ಗೆ ಕೊಡೋದು ನಮ್ಮಲ್ಲಿ ರೂಢಿ. ಇನ್ನು ಪಿಸಿಯಲ್ಲಿ ಬರೆಯೋ ಹುಡುಗರು ಗಡಿಯಾರದ ಸೆಕೆಂಡನ್ನು ಸೀಡ್ ಮಾಡೋ ಸಾಲನ್ನು ಲೂಪಿನ ಒಳಗೇ ಇಡ್ತಾರೆ. ಆ ಒಂದು ಸೆಕೆಂಡಿನಲ್ಲಿ ಸಾವಿರ ಸಲ ಕೇಳಿದರೂ ಒಂದೇ ಹೆಸರು. ಸೀಡ್ ಪ್ರೋಗ್ರಾಮ್ ಶುರುವಾದಾಗ ಒಂದೇ ಸಲ.

ನಿವೃತ್ತ ಅಧ್ಯಾಪಕ, ಹನುಮಂತನಗರ
ಭಾನುವಾರ, ಮಧ್ಯಾಹ್ನ 2.00

ಶೇಷದ ವಾಲುವಿಕೆಗೆ ಕಂಪ್ಯೂಟರಿಗೂ ಮೊದಲೇ ನಮ್ಮವರು ಮದ್ದು ಕಂಡುಕೊಂಡಿದ್ದರು. 1927ರಲ್ಲಿ ಸಂಖ್ಯಾಶಾಸ್ತ್ರಜ್ಞ ಟಿಪ್ಪೆಟ್ ಅವರ 41,600 ಅಂಕಿಗಳ ಯಾದೃಚ್ಛಿಕ (ರ‍್ಯಾಂಡಮ್) ಕೋಷ್ಟಕ ಬಂತು, 1955ರಲ್ಲಿ ರ‍್ಯಾಂಡ್ ಸಂಸ್ಥೆಯ ಹತ್ತು ಲಕ್ಷ ಅಂಕಿಗಳ ಪುಸ್ತಕ. ನಾವು ವಿದ್ಯಾರ್ಥಿಗಳಾಗಿದ್ದಾಗ ಮಾದರಿ ಆರಿಸುತ್ತಿದ್ದದ್ದು ಇಂಥ ಕೋಷ್ಟಕದಿಂದಲೇ. 30 ಮನೆಗಳಲ್ಲಿ ಒಂದು ಬೇಕೆಂದರೆ ಎರಡೆರಡು ಅಂಕಿ ಓದಬೇಕು, 00ಯಿಂದ 99. ಓದಿದ್ದನ್ನು ಹಾಗೇ 30ರಿಂದ ಭಾಗಿಸಿ ಶೇಷ ತೆಗೆದರೆ, ಶೇಷ 0ಯಿಂದ 9ರ ವರೆಗಿನ ಮನೆಗಳಿಗೆ ನಾಲ್ಕು ಅವಕಾಶ, ಮಿಕ್ಕವಕ್ಕೆ ಮೂರು. ಆದ್ದರಿಂದ 90ರಿಂದ 99 ಬಂದರೆ ಅದನ್ನು ಬಿಟ್ಟು ಮುಂದಿನ ಜೋಡಿಗೆ ಹೋಗಬೇಕೆಂದು ನಮ್ಮ ಮೇಷ್ಟರು ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದರು. ಹೆಚ್ಚುವರಿಯನ್ನು ಎಸೆದು ಮತ್ತೆ ಎತ್ತುವುದು, ಅಷ್ಟೆ. ಇಂದು ಒಳ್ಳೆಯ ಲೈಬ್ರರಿಗಳ ಒಳಗೂ ಇದೇ ನಡೆಯುತ್ತದೆ.

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ವಿಷಯ ಇದು, ನಮ್ಮ ನೆಲದ ಮಕ್ಕಳಿಗೆ ಇದರ ರುಚಿ ಆರನೇ ತರಗತಿಯಲ್ಲೇ ಹತ್ತಲಿ. ಟೀಚರ್, ಒಂದು ಶನಿವಾರ ಕಾಗದದ ಚೀಟಿ, ಒಂದು ಡಬ್ಬ, ಕಪ್ಪುಹಲಗೆಯಲ್ಲಿ ಗೀಟು ಇಟ್ಟುಕೊಂಡು ಇದನ್ನೇ ಪಾಠ ಮಾಡಿ.

ಶನಿವಾರದ ಟೀಚರ್
ಭಾನುವಾರ, ಸಂಜೆ 7.30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ಲೋರ್ ಹಾಕಿದೆ. ಮೂರು ಲಕ್ಷ ಸಲ ಓಡಿಸಿದೆ, ಎಲ್ಲರದೂ 9,800ರಿಂದ 10,200ರ ಒಳಗೇ ಬಂತು. ನೋಡಿ ಕಣ್ಣು ತುಂಬಿತು. ಹದಿನೈದು ವಾರ ಇಬ್ಬರು ಮಕ್ಕಳಿಗೆ ಅರ್ಧ ಪಾಲು ಕೊಟ್ಟಿದ್ದೀನಲ್ಲ.

ಈಗ ಇನ್ನೊಂದು ಪ್ರಶ್ನೆ. ಇನ್ನು ಮುಂದೆ ಎಲ್ಲರಿಗೂ ಬೇಗ ಬೇಗ ಸರದಿ ಬರುತ್ತೆ ಅಂತ ಅವಳಿಗೆ ಮಾತು ಕೊಡಬಹುದಾ?

ಪೈಥಾನ್ ಬಳಗ
ಭಾನುವಾರ, ರಾತ್ರಿ 8.15

ಕೊಡಬೇಡಿ. ಸಮಾನ ಅವಕಾಶ ಬೇರೆ, ಸರದಿ ಬೇರೆ. ಪ್ರತಿ ಸಲ 30ರಲ್ಲೂ ಹೊಸದಾಗಿ ಆರಿಸಿದರೆ, ಎಲ್ಲ 30 ಹೆಸರೂ ಒಮ್ಮೆಯಾದರೂ ಬರೋಕೆ ಸರಾಸರಿ 120 ಸಲ ಒತ್ತಬೇಕು. ವಾರಕ್ಕೆ 12 ಅಂದರೆ ಹತ್ತು ವಾರ! ಕೊನೆಯಲ್ಲಿ ಉಳಿದ ಒಂದು ಹೆಸರಿಗಾಗಿಯೇ ಸರಾಸರಿ 30 ಸಲ ಹೋಗುತ್ತೆ.

ನಿಮಗೆ ಬೇಕಿರೋದು ಚೀಟಿ ಡಬ್ಬ. ಪಟ್ಟಿಯ ಒಂದು ನಕಲು ಮಾಡಿ, ಫಿಶರ್-ಯೇಟ್ಸ್‌ನಿಂದ ಕಲಸಿ, ಒಂದೊಂದೇ ತೆಗೀರಿ. ಖಾಲಿಯಾದರೆ ಮತ್ತೆ ಕಲಸಿ. ಎರಡೂವರೆ ವಾರಕ್ಕೆ ಎಲ್ಲರೂ ಒಮ್ಮೆ ಓದಿರ್ತಾರೆ. ನಮ್ಮ ಮನೆಯ ಹೆಂಗಸರ ಚೀಟಿಯಲ್ಲೂ ಹಣ ತಗೊಂಡವರ ಹೆಸರನ್ನು ಡಬ್ಬಕ್ಕೆ ವಾಪಸ್ ಹಾಕಲ್ಲವಲ್ಲ, ಹಾಗೆ. ಮೂಲ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ, ನಕಲಿನಿಂದಲೇ ತೆಗೀರಿ.

ಶನಿವಾರದ ಟೀಚರ್
ಭಾನುವಾರ, ರಾತ್ರಿ 9.00

ಅದರಲ್ಲೂ ಒಂದು ತೊಂದರೆ ಇದೆ. ಒಮ್ಮೆ ಓದಿ ಆದ ಮಗುವಿಗೆ, ಇನ್ನು ಎರಡು ವಾರ ತನ್ನ ಹೆಸರು ಬರಲ್ಲ ಅಂತ ಗೊತ್ತಾದ ಕ್ಷಣ ಪುಸ್ತಕ ಮುಚ್ಚುತ್ತೆ. ಆರನೇ ಕ್ಲಾಸಿನವರು ಇದನ್ನು ಮೊದಲ ದಿನವೇ ಕಂಡುಹಿಡೀತಾರೆ. ಮುಂದಿನ ಹೆಸರು ನನ್ನದೂ ಆಗಬಹುದು ಅನ್ನೋ ಎಚ್ಚರ ಎಲ್ಲರಲ್ಲೂ ಇರಬೇಕು, ಯಾರೂ ತಿಂಗಳುಗಟ್ಟಲೆ ಕಾಯಲೂಬಾರದು. ಎರಡೂ ಒಟ್ಟಿಗೆ ಆಗಲ್ವಾ?

ಮಾಗಡಿ ರೋಡ್
ಭಾನುವಾರ, ರಾತ್ರಿ 10.50

ಆಗುತ್ತೆ. ತೂಕ ಹಾಕಿ ಆರಿಸಿ. ಪ್ರತಿ ಮಗುವಿಗೂ ಒಂದು ಅಂಕೆ: ಕೊನೆಯ ಸಲ ಓದಿದಾಗಿನಿಂದ, ಆ ಸರದಿಯೂ ಸೇರಿ, ಎಷ್ಟು ಹೆಸರು ಕರೆದಾಯ್ತು ಅನ್ನೋದು, ಜೊತೆಗೆ 10. ಎಲ್ಲ ತೂಕ ಕೂಡಿಸಿ, ರ‍್ಯಾಂಡಮ್‌ನಿಂದ ಗುಣಿಸಿ. ಬಂದ ಸಂಖ್ಯೆಯಿಂದ ಮೊದಲ ಮಗುವಿನ ತೂಕ ಕಳೀರಿ, ಆಮೇಲೆ ಎರಡನೆಯದು, ಹೀಗೇ. ಎಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತೋ ಅದೇ ಹೆಸರು. ಮೂವರ ತೂಕ 1, 4, 5 ಇದ್ದರೆ ಹತ್ತರಲ್ಲಿ ಒಂದು, ನಾಲ್ಕು, ಐದು ಪಾಲು.

ಆ 10 ಯಾಕೆ ಅಂತ ಹೇಳ್ತೀನಿ. ಮೊದಲು ಬರೀ ಕಾದ ಲೆಕ್ಕವನ್ನೇ ತೂಕ ಮಾಡಿ ಓಡಿಸಿ ನೋಡಿದೆ. ಈಗಷ್ಟೇ ಓದಿದ ಮಗುವಿಗೆ ಮುಂದಿನ ಸಲವೂ ಬರುವ ಅವಕಾಶ ಸುಮಾರು 570ರಲ್ಲಿ ಒಂದಕ್ಕೆ ಇಳಿದು ಹೋಯ್ತು, ಪುಸ್ತಕ ಮುಚ್ಚೋಕೆ ಅಷ್ಟು ಸಾಕು. 10 ಸೇರಿಸಿದಾಗ ಅದೇ ಮಗುವಿಗೂ ಸಮಪಾಲಿನ ಸುಮಾರು ಮೂರನೇ ಒಂದು ಭಾಗ ಉಳಿಯುತ್ತೆ, ಎಚ್ಚರ ಇರುತ್ತೆ. ಇನ್ನೊಂದು ಕಡೆ, ಒಂದು ಸಲ ಓದಿದ ಮಗು ಮುಂದಿನ 90 ಸಲವೂ ಬರೀ ಕಾಯುತ್ತಲೇ ಇರುವ ಸಂಭವ ಮಾಮೂಲಿ ಆಯ್ಕೆಯಲ್ಲಿ ನೂರಕ್ಕೆ ಸುಮಾರು 5, ಇದರಲ್ಲಿ ಇನ್ನೂರಕ್ಕೆ ಒಂದು. 10ರ ಬದಲು 5, 20 ಹಾಕಿ ನೀವೇ ನೋಡಿ. ಎಷ್ಟು ಎಚ್ಚರ, ಎಷ್ಟು ಸರದಿ ಅನ್ನೋದು ಕ್ಲಾಸಿನಲ್ಲಿ ನಿಂತವರಿಗೇ ಗೊತ್ತು.

ಯಲಹಂಕ ಅಪಾರ್ಟ್‌ಮೆಂಟ್
ಸೋಮವಾರ, ಬೆಳಗ್ಗೆ 7.40

ಮಧ್ಯೆ ಬಂದೆ, ಕ್ಷಮಿಸಿ. ನಮ್ಮಲ್ಲಿ ನೆರಳಿನ ಪಾರ್ಕಿಂಗ್ ಜಾಗಕ್ಕೆ ವರ್ಷಕ್ಕೊಮ್ಮೆ ಡ್ರಾ. ಇದೇ ಕೋಡ್ ಸಾಕಾ?

ಪೈಥಾನ್ ಬಳಗ
ಸೋಮವಾರ, ಬೆಳಗ್ಗೆ 8.30

ಲಾಭ ನಷ್ಟ ಇರುವ ಕಡೆ ಬೇಡ. ಪೈಥಾನಿನ ಮಾಮೂಲಿ ರ‍್ಯಾಂಡಮ್ ಮಾಡ್ಯೂಲ್ ಬಳಸೋದು ಮರ್ಸೆನ್ ಟ್ವಿಸ್ಟರ್ ಅನ್ನೋ ಅಲ್ಗಾರಿದಮ್. ಅದರ 32 ಬಿಟ್‌ನ ಉತ್ತರಗಳನ್ನು ಸತತವಾಗಿ 624 ನೋಡಿದರೆ ಮುಂದಿನವನ್ನೆಲ್ಲ ಲೆಕ್ಕ ಹಾಕಿ ಹೇಳಬಹುದು. ಪೈಥಾನ್‌ನಲ್ಲಿ ಸೀಕ್ರೆಟ್ಸ್.ಚಾಯ್ಸ್, ಬ್ರೌಸರಿನಲ್ಲಿ ಕ್ರಿಪ್ಟೋ.ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್ ಬಳಸಿ. ಆದರೆ ನಿಮ್ಮ ಅಕ್ಕಪಕ್ಕದವರಿಗೆ ಕೋಡ್ ಕಾಣಿಸಲ್ಲ, ಬಟನ್ ಒತ್ತಿದವರು ಯಾರು ಅನ್ನೋದಷ್ಟೇ ಕಾಣಿಸೋದು. 40 ಮನೆ ಇದ್ದರೆ ಎಲ್ಲರ ಮುಂದೆ ಡಬ್ಬದಲ್ಲಿ ಚೀಟಿ ಹಾಕಿ, ಮಗುವಿನ ಕೈಯಲ್ಲಿ ಎತ್ತಿಸಿ.

ಶನಿವಾರದ ಟೀಚರ್
ಮುಂದಿನ ಶನಿವಾರ, ಸಂಜೆ 6.10

ಇವತ್ತು ಮೊದಲ ಅರ್ಧ ಗಂಟೆ ಚೀಟಿ, ಡಬ್ಬ, ಗೀಟು. ಬಸ್ ಸ್ಟಾಪ್ ಕಥೆಯನ್ನು ಅಂಗಳದಲ್ಲಿ ಗೆರೆ ಎಳೆದು ಮಕ್ಕಳನ್ನೇ ನಿಲ್ಲಿಸಿ ತೋರಿಸಿದೆ. ತುದಿಯಲ್ಲಿ ನಿಂತ ಹುಡುಗ ತನ್ನ ಕಡೆ ಯಾರೂ ಬರ್ತಿಲ್ಲ ಅಂತ ತಾನೇ ಕೂಗಿದ. ಹುಡುಗಿಗೆ, ನೀನು ಹೇಳಿದ್ದು ಸರಿ, ತಪ್ಪು ನಾನು ಬರೆದ ಸಾಲಿನಲ್ಲಿತ್ತು ಅಂತ ಎಲ್ಲರ ಮುಂದೆ ಹೇಳಿದೆ. ತೂಕದ ಕೋಡ್ ಹಾಕಿದ್ದೀನಿ, 10ನ್ನೇ ಇಟ್ಟಿದ್ದೀನಿ.

ಎರಡು ಸಂದೇಹ. ಅಕ್ಷರದ ಆಟಕ್ಕೆ 'ಕನ್ನಡ' ಅನ್ನೋ ಪದದಿಂದಲೇ ಒಂದು ಅಕ್ಷರ ಆರಿಸೋಕೆ ಹೋದರೆ ಒಮ್ಮೊಮ್ಮೆ ಬರೀ ಅರ್ಧಾಕ್ಷರದ ಚಿಹ್ನೆ ಬರ್ತಿದೆ. ಮತ್ತೆ, ಇಬ್ಬರು ಹೊಸ ಮಕ್ಕಳು ಸೇರಿದ್ದಾರೆ, ಅವರ ತೂಕ ಎಷ್ಟಿಡಲಿ?

ಮಾಗಡಿ ರೋಡ್
ಮುಂದಿನ ಶನಿವಾರ, ಸಂಜೆ 7.00

ಮೊದಲನೆಯದು: ನಮ್ಮ ಕಣ್ಣಿಗೆ 'ಕನ್ನಡ' ಮೂರು ಅಕ್ಷರ. ಯೂನಿಕೋಡಿಗೆ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪಟ್ಟಿಗೆ) ಐದು ತುಂಡು: ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. ಪದವನ್ನೇ ಅರೇ ಅಂತ ಬಗೆದರೆ ಐದರಲ್ಲಿ ಒಂದು ಸಲ ಆ ಚಿಹ್ನೆ ಸಿಗುತ್ತೆ, ಒತ್ತಕ್ಷರ ಎಂದೂ ಇಡಿಯಾಗಿ ಸಿಗಲ್ಲ. ಆಟಕ್ಕೆ ಬೇಕಾದ ಅಕ್ಷರಗಳನ್ನು ನೀವೇ ಒಂದೊಂದಾಗಿ ಅರೇಯಲ್ಲಿ ಬರೆದಿಡಿ: "ಕ", "ನ್ನ", "ಡ". ಆಮೇಲೆ ಅದೇ ಫ್ಲೋರ್ ಸಾಲು.

ಎರಡನೆಯದು: ಸೊನ್ನೆಯಿಂದ ಶುರು ಮಾಡಿದರೆ ಹೊಸಬರು ತುಂಬಾ ಕಾಯ್ತಾರೆ, ಎಲ್ಲರಿಗಿಂತ ಹೆಚ್ಚು ಕೊಟ್ಟರೆ ಮೊದಲ ದಿನವೇ ಎದ್ದು ನಿಲ್ಲಬೇಕಾಗುತ್ತೆ. ಇವತ್ತಿನ ಎಲ್ಲರ ತೂಕದ ಸರಾಸರಿ ಕೊಡಿ.

ಶನಿವಾರದ ಟೀಚರ್
ಮುಂದಿನ ಶನಿವಾರ, ಸಂಜೆ 7.20

ಸರಾಸರಿ 31 ಬಂತು, ಅದನ್ನೇ ಹಾಕಿದೆ. ನೋಟ್‌ಬುಕ್ಕಿನ ಹುಡುಗಿ ಹೊಸಬರಿಬ್ಬರ ಹೆಸರಿಗೂ ತನ್ನ ಹಾಳೆಯಲ್ಲಿ ಆಗಲೇ ಗೆರೆ ಎಳೆದು ಜಾಗ ಮಾಡಿದ್ದಾಳೆ.